ಖುಕ್ರಿ ಮುಳುಗಿದ ರಾತ್ರಿ

ಪ್ರಶ್ನೆ: ದಿಯು ಟೂರ್ ಹೋದಾಗ ಸಮುದ್ರದ ಎದುರಿಗೆ ಗಾಜಿನ ಗೂಡಲ್ಲಿ ಒಂದು ಹಡಗಿನ ಮಾಡೆಲ್ ಇಟ್ಟಿದ್ರು, ಐಎನ್‌ಎಸ್ ಖುಕ್ರಿ ಅಂತ. ಏನ್ ಸಾರ್ ಅದರ ಕಥೆ?

ಉತ್ತರ: 1971ರ ಯುದ್ಧದಲ್ಲಿ ನಮ್ಮ ನೇವಿ ಕಳ್ಕೊಂಡ ಹಡಗು ಅದು. ಪಾಕಿಸ್ತಾನದ ಹ್ಯಾಂಗೋರ್ ಅನ್ನೋ ಸಬ್‌ಮರೀನ್ ದಿಯು ಹತ್ತಿರ ಎಲ್ಲೋ ಓಡಾಡ್ತಿದೆ ಅಂತ ಗೊತ್ತಾಗಿ ಖುಕ್ರಿ, ಅದರ ಜೊತೆ ಕಿರ್ಪಾಣ್ ಅನ್ನೋ ನಮ್ಮ ಇನ್ನೊಂದು ಹಡಗು, ಎರಡೂ ಹುಡುಕೋಕೆ ಹೋಗಿದ್ವು, ಆದ್ರೆ ಡಿಸೆಂಬರ್ 9ರ ರಾತ್ರಿ ಆ ಹ್ಯಾಂಗೋರೇ ಇವರನ್ನ ಮೊದಲು ನೋಡ್ಬಿಡ್ತು, ಅದು ಬಿಟ್ಟ ಟಾರ್ಪಿಡೊ (ನೀರೊಳಗೇ ಸಾಗಿ ಹಡಗಿಗೆ ಬಡಿಯೋ ಸಿಡಿಗುಂಡು) ಬಡಿದು ಕೆಲವೇ ನಿಮಿಷಕ್ಕೆ ಖುಕ್ರಿ ಮುಳುಗೇ ಹೋಯ್ತು. 18 ಆಫೀಸರ್‌ಗಳು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನೇ ಒಬ್ಬ ನಾವಿಕನಿಗೆ ಕೊಟ್ಟು ತಾವು ಹಡಗಲ್ಲೇ ಉಳ್ಕೊಂಡ್ರಂತೆ, ಆಮೇಲೆ ಮಹಾವೀರ ಚಕ್ರ ಬಂತು. ಅದೇ ಯುದ್ಧದಲ್ಲಿ ನಮ್ಮ ನೇವಿ ಕರಾಚಿ ಬಂದರಿಗೆ ಬೆಂಕಿ ಹಚ್ಚಿದ ಕಥೆ ಎಲ್ರೂ ಹೇಳ್ತಾರೆ, ಇದನ್ನ ಯಾಕೋ ಕಮ್ಮಿ. ಆ ಹ್ಯಾಂಗೋರ್ ಈಗ ಕರಾಚಿ ಮ್ಯೂಸಿಯಂನಲ್ಲಿದೆ.