ಕೆರೆಯ ಆಮೆಗೆ ನೀರಿನಷ್ಟೇ ದಡವೂ ಬೇಕು

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯ ಸುತ್ತ ಈಚೆಗೆ ಕಲ್ಲು ಕಟ್ಟಿ, ಬೇಲಿ ಹಾಕಿ, ನಡೆಯಲು ದಾರಿ ಮಾಡಿದ್ದಾರೆ. ಮಳೆ ಬಂದ ಮರುದಿನ ಅಲ್ಲಿಂದ ಹೊರಟು ರಸ್ತೆ ದಾಟುತ್ತಿದ್ದ ಆಮೆಯೊಂದನ್ನು ಹಿಡಿದು ಮತ್ತೆ ನೀರಿಗೆ ಬಿಟ್ಟೆ. ಮಾಡಿದ್ದು ಸರಿಯೇ? ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆಯನ್ನೂ ಅದೇ ಕೆರೆಗೆ ಬಿಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಕಾಳಜಿ ಮೆಚ್ಚುವಂಥದ್ದು, ಆದರೆ ಆಮೆ ದಾರಿ ತಪ್ಪಿ ಬಂದಿರಲಿಲ್ಲ. ನೀರಿನಲ್ಲೇ ಬದುಕು ಸಾಗಿಸುವ ಆಮೆಯೂ ಮೊಟ್ಟೆಯಿಡಲು ನೆಲಕ್ಕೆ ಬರಲೇಬೇಕು. ನೀರು ಬತ್ತಿದಾಗಲೂ ಮಳೆ ಬಿದ್ದಾಗಲೂ ಒಂದು ಹೊಂಡದಿಂದ ಇನ್ನೊಂದಕ್ಕೆ ನಡೆದು ಹೋಗುವುದೂ ಉಂಟು. ಇನ್ನು ಮುಂದೆ ಹೀಗೆ ಕಂಡರೆ, ವಾಹನಗಳನ್ನು ನೋಡಿಕೊಂಡು, ಅದು ಮುಖ ಮಾಡಿದ್ದ ದಿಕ್ಕಿನಲ್ಲೇ ರಸ್ತೆ ದಾಟಿಸಿ ಬಿಡಿ. ಚಿಪ್ಪಿನ ಹಿಂಭಾಗದಲ್ಲಿ ಹಿಡಿಯಿರಿ, ಏಕೆಂದರೆ ಅದರ ಕತ್ತು ನಾವೆಣಿಸಿದ್ದಕ್ಕಿಂತ ಉದ್ದ, ಕಡಿತವೂ ಜೋರು.

ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಕಾಣುವುದು ಚಿಪ್ಪಿನ ಮೇಲೆ ನುಣುಪಾದ ಚರ್ಮವಿರುವ, ಹಿಂಗಾಲುಗಳನ್ನು ಒಳಗೆಳೆದು ಚರ್ಮದ ಮಡಿಕೆಗಳಿಂದ ಮುಚ್ಚಿಕೊಳ್ಳುವ ಆಮೆ. ಬಸವನ ಹುಳು, ಮೀನು, ಕಪ್ಪೆಗಳ ಜೊತೆಗೆ ಸತ್ತ ಪ್ರಾಣಿಗಳನ್ನೂ ತಿನ್ನುವುದರಿಂದ ಕೆರೆಯನ್ನು ಚೊಕ್ಕಟವಾಗಿಡುವ ಕೆಲಸ ಸಂಬಳವಿಲ್ಲದೆ ನಡೆಯುತ್ತದೆ. ನಾವು ಎಸೆಯುವ ಬ್ರೆಡ್ಡು, ಪುರಿ ಅದಕ್ಕೆ ಬೇಕಿಲ್ಲ. ಕೆರೆ ಒಣಗಿದಾಗ ಇದು ಕೆಸರಿನೊಳಗೆ ಹುದುಗಿ ತಿಂಗಳುಗಟ್ಟಲೆ ಮಲಗಿರುತ್ತದೆ. ನಾವು ಜೆಸಿಬಿ ತಂದು ಹೂಳೆತ್ತುವುದೂ ಅದೇ ಬೇಸಿಗೆಯಲ್ಲಿ. ಹೂಳೆತ್ತುವುದೇ ಬೇಡವೆಂದು ನಾನು ಹೇಳುವುದಿಲ್ಲ. ಕೆರೆಯನ್ನು ಭಾಗ ಮಾಡಿಕೊಂಡು, ತೆಗೆದ ಕೆಸರನ್ನು ದಡದಲ್ಲಿ ಹರಡಿ ನೋಡಿ, ಆಮೆಗಳಿದ್ದರೆ ಅರಣ್ಯ ಇಲಾಖೆಯವರ ನೆರವಿನಿಂದ ನೀರಿರುವ ಭಾಗಕ್ಕೆ ಬಿಟ್ಟ ಮೇಲೆ ಸಾಗಿಸಬಹುದು.

ಇದಕ್ಕಿಂತ ದೊಡ್ಡ ತೊಡಕು ನೀವು ಹೇಳಿದ ಕಲ್ಲಿನ ಕಟ್ಟೆ. ಕಡಿದಾದ ಕಲ್ಲನ್ನು ಹತ್ತಲು ಆಮೆಗಾಗದು, ಹತ್ತಿದರೂ ಬೇಲಿ ತಡೆಯುತ್ತದೆ, ಬೇಲಿ ದಾಟಿದರೆ ಮೊಟ್ಟೆಗೆ ಗುಂಡಿ ತೋಡಲು ಸಿಗುವುದು ಕಾಂಕ್ರೀಟು. ಕಟ್ಟಿದ್ದನ್ನೆಲ್ಲ ಒಡೆಸಬೇಕಾಗಿಲ್ಲ, ಜನರ ಓಡಾಟ ಕಡಿಮೆಯಿರುವ ಒಂದು ಬದಿಯಲ್ಲಿ ಇಳಿಜಾರಾದ ಮಣ್ಣಿನ ದಡವನ್ನೂ ಜೊಂಡನ್ನೂ ಉಳಿಸಿ, ಬೇಲಿಯ ಬುಡದಲ್ಲಿ ಆಮೆ ನುಸುಳುವಷ್ಟು ಸಂದು ಬಿಟ್ಟು, ಬಿಸಿಲು ಕಾಯಲು ಒಂದೆರಡು ಮರದ ದಿಮ್ಮಿಗಳನ್ನು ನೀರಿಗೆ ತಾಗಿಸಿಟ್ಟರೂ ವ್ಯತ್ಯಾಸವಾಗುತ್ತದೆ. ಬೀದಿನಾಯಿಗಳು ಮೊಟ್ಟೆಯನ್ನು ಅಗೆದು ತಿನ್ನುವುದರಿಂದ ಆ ಬದಿಯಲ್ಲಿ ಕಸ ಬೀಳದಂತೆ ನೋಡಿಕೊಳ್ಳಬೇಕು.

ಮನೆಯ ಆಮೆಯ ವಿಷಯಕ್ಕೆ ಬಂದರೆ, ಬಿಡಲೇಬಾರದು. ಅದು ಅಮೆರಿಕದ ಮಿಸಿಸಿಪಿ ನದಿಯ ಕಡೆಯದು. ಅಂಗಡಿಯಲ್ಲಿ ನಾಣ್ಯದಷ್ಟಿದ್ದದ್ದು ಊಟದ ತಟ್ಟೆಯಷ್ಟು ಬೆಳೆದು, ಆಹಾರಕ್ಕೂ ಬಿಸಿಲಿನ ಜಾಗಕ್ಕೂ ಇಲ್ಲಿನವುಗಳೊಡನೆ ಪೈಪೋಟಿಗಿಳಿಯುತ್ತದೆ. ದೇವಸ್ಥಾನದ ಕಲ್ಯಾಣಿಯೂ ಅದಕ್ಕೆ ತಕ್ಕ ಜಾಗವಲ್ಲ. ಸಾಕಲು ಆಗದಿದ್ದರೆ ವನ್ಯಜೀವಿ ರಕ್ಷಣಾ ಕೇಂದ್ರವನ್ನು ವಿಚಾರಿಸಿ. ಅವರು ಒಪ್ಪುವವರೆಗೆ ದೊಡ್ಡ ತೊಟ್ಟಿಯೊಂದನ್ನು ಮಾಡಿಸುವುದೇ ದಾರಿ. ಹಾಗೆಂದು ಅದರ ಬದಲು ಕೆರೆಯ ಆಮೆಯನ್ನು ತಂದು ಸಾಕಲು ಹೋಗಬೇಡಿ: ಮೇಲೆ ಹೇಳಿದ ಮಡಿಕೆಯ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದ್ದು, ಅದನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ.