ಕೀಮೋ ನಂತರ ಹಾಲು ಒಗ್ಗುತ್ತಿಲ್ಲ, ಊಟ ಸೇರುತ್ತಿಲ್ಲ. ಹಾಲನ್ನು ಪೂರ್ತಿ ಬಿಡಿಸಬೇಕಾ?

ನಾಲ್ಕು ಸುತ್ತು ಕೀಮೋ ಮುಗಿದ ಮೇಲೆ ನಿಮ್ಮ ತಾಯಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಬೇಧಿಯಾಗುತ್ತಿದೆ, ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗಿದೆ ಅಂತ ಬರೆದಿದ್ದೀರಿ. ಹಾಲನ್ನು ಈಗ ನಿಲ್ಲಿಸಿ, ಆದರೆ ಶಾಶ್ವತವಾಗಿ ಬಿಡಿಸಬೇಡಿ. ಎರಡೂ ತೊಂದರೆ ಒಟ್ಟಿಗೆ ಬಂದಿದ್ದರೂ ಕಾರಣ ಬೇರೆ ಬೇರೆ.

ಕೀಮೋ ಔಷಧಿಯ ಪೆಟ್ಟು ಬೇಗ ಬೇಗ ಹುಟ್ಟಿ ಸಾಯುವ ಜೀವಕೋಶಗಳಿಗೆ ಹೆಚ್ಚು. ಸಣ್ಣ ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುವಂಥದ್ದು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವ ಇರುವುದು ಆ ಪದರದ ತುದಿಯಲ್ಲೇ. ಪದರ ಸವೆದಾಗ ಕಿಣ್ವ ಕಡಿಮೆಯಾಗುತ್ತದೆ. ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು, ನೀರನ್ನು ಎಳೆದುಕೊಂಡು, ಅಲ್ಲಿನ ಬ್ಯಾಕ್ಟೀರಿಯಾದಿಂದ ಹುಳಿತು ಗಾಳಿಯಾಗುತ್ತದೆ. ಇದು ಅಲರ್ಜಿ ಅಲ್ಲ. ಚಿಕಿತ್ಸೆ ನಿಂತ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ನಿಧಾನವಾದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಬೇಧಿ ಪೂರ್ತಿ ನಿಂತು ಒಂದೆರಡು ವಾರ ಕಳೆದ ಮೇಲೆ ಪರೀಕ್ಷಿಸಿ ನೋಡಿ. ಕಾಯಿಸಿ ಆರಿಸಿದ ಹಾಲು 50 ಮಿಲಿಲೀಟರ್, ಖಾಲಿ ಹೊಟ್ಟೆಗಲ್ಲ, ಊಟದ ಜೊತೆ. ಮೂರು ದಿನ ಅಷ್ಟೇ ಅಳತೆ. ತೊಂದರೆ ಇಲ್ಲದಿದ್ದರೆ 100, ಆಮೇಲೆ 200. ಆ ದಿನಗಳಲ್ಲಿ ಬೇರೆ ಯಾವ ಹೊಸ ಪದಾರ್ಥವನ್ನೂ ಸೇರಿಸಬೇಡಿ, ಇಲ್ಲದಿದ್ದರೆ ಯಾವುದು ಕೆಡಿಸಿತು ಅಂತ ತಿಳಿಯುವುದಿಲ್ಲ. ತಿಂದ ಹೊತ್ತು, ತೊಂದರೆ ಶುರುವಾದ ಹೊತ್ತು, ಆ ದಿನದ ಮಾತ್ರೆ, ಮೂರನ್ನೂ ಬರೆದಿಡಿ. ಲ್ಯಾಕ್ಟೋಸ್ ಕಾರಣವಾದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟತೊಡಗುತ್ತದೆ. ಹಾಲು ಕುಡಿಯದ ದಿನವೂ ಬೇಧಿಯಾದರೆ ಕಾರಣ ಬೇರೆಯೇ ಇದೆ.

ಮನೆಯವರು ಹೆಚ್ಚಾಗಿ ಎಡವುವುದು ಬಿಡಿಸುವುದರಲ್ಲಲ್ಲ, ಬಿಡಿಸಿದ್ದಕ್ಕೆ ಬದಲಿ ಕೊಡದಿರುವುದರಲ್ಲಿ. ಚಿಕಿತ್ಸೆಯಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ಮೂತ್ರಪಿಂಡದ ಕಾಯಿಲೆ ಇದ್ದರೆ ಈ ಲೆಕ್ಕ ಡಾಕ್ಟರ್ ಹೇಳಿದಂತೆ. 200 ಮಿಲಿಲೀಟರ್ ಹಾಲಿನಲ್ಲಿ 6–7 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಎರಡು ಲೋಟ ಬಿಟ್ಟರೆ ಆ ಜಾಗಕ್ಕೆ ಚೆನ್ನಾಗಿ ಬೆಂದ ಎರಡು ಮೊಟ್ಟೆಯಾದರೂ ಬರಬೇಕು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿ ಪ್ರೋಟೀನ್ ಹಾಗೇ ಇರುತ್ತದೆ. ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ, ಹಾಗಾಗಿ ಹಾಲಿಗಿಂತ ಮೊದಲು ಅದೇ ಒಗ್ಗುತ್ತದೆ. ಕಾಯಿಸಿದ ಅಥವಾ ಪಾಶ್ಚರೀಕರಿಸಿದ ಹಾಲಿನದ್ದೇ ಆಗಿರಲಿ.

ಇನ್ನು ಕಬ್ಬಿಣದ ರುಚಿ. ನಾಲಿಗೆಯ ರುಚಿಕೋಶಗಳಿಗೂ ಅದೇ ಪೆಟ್ಟು, ಜೊತೆಗೆ ಕೆಲವು ಔಷಧಿಗಳೇ ಬಾಯಿಗೆ ಲೋಹದ ರುಚಿ ತರುತ್ತವೆ. ಲೋಹದ ಚಮಚದ ಬದಲು ಮರದ್ದು ಅಥವಾ ಪ್ಲಾಸ್ಟಿಕ್ಕಿನದು ಕೊಡಿ. ಬಿಸಿ ಆರಿದ ಊಟದ ವಾಸನೆ ಕಡಿಮೆ, ವಾಕರಿಕೆಯೂ ಕಡಿಮೆ. ಊಟಕ್ಕೆ ಮುಂಚೆ ಬಾಯಿ ಮುಕ್ಕಳಿಸಲಿ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ನುಂಗಬಾರದು, ದಿನಾ ಹೊಸದಾಗಿ ಮಾಡಿ. ಬಾಯಲ್ಲಿ ಹುಣ್ಣಿಲ್ಲದಿದ್ದರೆ ಸ್ವಲ್ಪ ಹುಳಿ ಸೇರಿಸಿದರೆ ರುಚಿ ಏಳುತ್ತದೆ. ಹುಣ್ಣಿದ್ದರೆ ಹುಳಿ, ಖಾರ ಎರಡೂ ಬೇಡ. ಒಂದು ಎಚ್ಚರಿಕೆ: ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುತ್ತಿದ್ದರೆ ಡೋಸ್ ಆದ ನಂತರದ ಕೆಲವು ದಿನ ತಣ್ಣನೆಯದು ಯಾವುದೂ ಬೇಡ. ತಣ್ಣೀರಿನ ಒಂದು ಗುಟುಕಿಗೇ ಗಂಟಲು ಬಿಗಿದ ಹಾಗಾಗುತ್ತದೆ.

ಕೀಮೋ ದಿನ ಅವರಿಗೆ ತುಂಬಾ ಇಷ್ಟವಾದ ಅಡುಗೆ ಮಾಡಿ ಕೊಡಬೇಡಿ. ಪ್ರೀತಿಯಿಂದಲೇ ಕೊಡುತ್ತೀರಿ, ಗೊತ್ತು. ಆದರೆ ಅದರ ಹಿಂದೆಯೇ ವಾಂತಿಯಾದರೆ ಮಿದುಳು ಎರಡನ್ನೂ ಗಂಟು ಹಾಕಿಬಿಡುತ್ತದೆ, ಮುಂದೆ ಅದರ ವಾಸನೆಗೇ ಹೊಟ್ಟೆ ತೊಳಸುತ್ತದೆ.

ಊಟ ಬದಲಿಸುತ್ತಾ ಕೂರಬಾರದ ಸಂದರ್ಭಗಳಿವೆ. 38 ಡಿಗ್ರಿ ಸೆಲ್ಸಿಯಸ್ ಜ್ವರ, ಮಲದಲ್ಲಿ ರಕ್ತ, ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚು ಬೇಧಿ, ನೀರೂ ನಿಲ್ಲದ ವಾಂತಿ: ಯಾವುದಿದ್ದರೂ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ತೆಗೆದುಕೊಂಡವರಲ್ಲಿ ಬೇಧಿ ಕರುಳಿನ ಉರಿಯೂತದಿಂದಲೂ ಬರುತ್ತದೆ, ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಬರಬಹುದು. ಪಥ್ಯದಿಂದ ಅದು ಹೋಗುವುದಿಲ್ಲ.

ಕಿಬ್ಬೊಟ್ಟೆಗೆ ರೇಡಿಯೇಷನ್ ಕೂಡ ಆಗಿದ್ದರೆ ಇನ್ನೊಂದು ಸಾಧ್ಯತೆ ನೆನಪಿರಲಿ. ಕರುಳು ಪಿತ್ತರಸವನ್ನು ಸರಿಯಾಗಿ ಮರಳಿ ಹೀರಿಕೊಳ್ಳದೆ, ವರ್ಷಗಳ ನಂತರವೂ ಜಿಡ್ಡಿನ ಊಟದ ಹಿಂದೆಯೇ ತಡೆಯಲಾಗದ ಬೇಧಿ ಬರುತ್ತದೆ. ಒಂದೊಂದೇ ತಿನಿಸು ಬಿಡುತ್ತಾ ಹೋಗಿ ಜನ ಸೊರಗುತ್ತಾರೆ, ಆದರೆ ಪಿತ್ತರಸವನ್ನು ಹಿಡಿದಿಡುವ ಔಷಧಿ ಇದೆ. ‘ಇದು ಪಿತ್ತರಸದ ತೊಂದರೆ ಇರಬಹುದಾ’ ಅಂತ ಜೀರ್ಣಾಂಗ ತಜ್ಞರನ್ನು ನೇರವಾಗಿ ಕೇಳಿ.