ಓದುಗರ ಪ್ರಶ್ನೆ: ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್

ಈ ಸಲದ ಉತ್ತರಗಳಲ್ಲಿ ಬರುವ ಸಂಕೇತ ಸಂಖ್ಯೆಗಳೆಲ್ಲ ದಶಮಾಂಶ ಲೆಕ್ಕದವು, ಎಪ್ಸನ್‌ನ ಇಎಸ್‌ಸಿ/ಪಿ ಆದೇಶಗಳವು. ನಮ್ಮಲ್ಲಿ ಬಳಕೆಯಲ್ಲಿರುವ ಬೇರೆ ಕಂಪನಿಗಳ 9 ಪಿನ್ ಪ್ರಿಂಟರುಗಳಲ್ಲೂ (ರಿಬ್ಬನ್ನಿನ ಮೇಲೆ ಒಂಬತ್ತು ಪಿನ್ ಬಡಿದು ಚುಕ್ಕಿಗಳಿಂದ ಅಕ್ಷರ ಮೂಡಿಸುವಂಥವು) ಸಾಮಾನ್ಯವಾಗಿ ಎಪ್ಸನ್ ಎಮ್ಯುಲೇಶನ್, ಅಂದರೆ ಎಪ್ಸನ್ ಆದೇಶಗಳನ್ನೇ ಪಾಲಿಸುವ ವ್ಯವಸ್ಥೆ, ಇರುತ್ತದೆ. ಅದನ್ನು ಆರಿಸಿಕೊಂಡಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. 27 ಎಂದರೆ ಎಸ್ಕೇಪ್. ಮುಂದೆ ಬರುವುದು ಅಕ್ಷರವಲ್ಲ, ಆದೇಶ ಎಂದು ಪ್ರಿಂಟರಿಗೆ ತಿಳಿಸುವ ಬೈಟ್ ಅದು.

ಪ್ರಶ್ನೆ: ನಮ್ಮದು ಕೊಬ್ಬರಿ ಮಂಡಿ. 10×12 ಇಂಚಿನ ಕಂಟಿನ್ಯುಯಸ್ ಪೇಪರ್ ಹಾಕುತ್ತೇವೆ. ಮೊದಲ ಬಿಲ್ಲು ಸರಿಯಾಗಿ ಬರುತ್ತದೆ. ಎರಡನೆಯದರ ತಲೆಬರಹ ಮೊದಲ ಹಾಳೆಯ ಬುಡದಲ್ಲೇ ಬೀಳುತ್ತದೆ, ಮೂರನೆಯದು ಇನ್ನೂ ಮೇಲೆ. ಪ್ರತಿ ಸಲ ನಾಬ್ ತಿರುಗಿಸಿ ಸರಿಮಾಡುತ್ತಿದ್ದೇವೆ. — ತಿಪಟೂರಿನ ಓದುಗರು

ಉತ್ತರ: ಮೊದಲು ನಾಬ್ ತಿರುಗಿಸುವುದನ್ನು ನಿಲ್ಲಿಸಿ. ಹಾಳೆ ಎಲ್ಲಿ ಹರಿಯುತ್ತದೆ ಎಂಬುದು ಪ್ರಿಂಟರಿಗೆ ಕಾಣುವುದಿಲ್ಲ. ತಾನು ಎಷ್ಟು ಇಂಚು ಸರಿಸಿದೆ ಎಂದು ಎಣಿಸುವುದಷ್ಟೇ ಅದರ ಕೆಲಸ. ಚಾಲೂ ಇರುವಾಗ ಕೈಯಿಂದ ತಿರುಗಿಸಿದ್ದು ಆ ಎಣಿಕೆಗೆ ಸೇರುವುದೇ ಇಲ್ಲ.

ನಿಮ್ಮ ತೊಂದರೆಯ ಮೂಲ ಹಾಳೆಯ ಉದ್ದ. ಪ್ರಿಂಟರಿನೊಳಗೆ ಮೊದಲೇ ಕೂತಿರುವ ಉದ್ದ ಸಾಮಾನ್ಯವಾಗಿ 11 ಇಂಚು, ಅಂದರೆ 66 ಸಾಲು. ನಿಮ್ಮ ಹಾಳೆ 12 ಇಂಚು, 72 ಸಾಲು. ಪಕ್ಕದ ತೂತುಗಳನ್ನು ಎಣಿಸಿದರೆ ಇದು ಖಚಿತವಾಗುತ್ತದೆ: ತೂತಿನಿಂದ ತೂತಿಗೆ ಅರ್ಧ ಇಂಚು, ಆದ್ದರಿಂದ 12 ಇಂಚಿನ ಹಾಳೆಗೆ ಒಂದು ಬದಿಗೆ 24. ಮುಂದಿನ ಹಾಳೆಗೆ ಹೋಗು ಎಂಬ ಆದೇಶ (ಫಾರ್ಮ್ ಫೀಡ್) ಬಂದಾಗಲೆಲ್ಲ ಪ್ರಿಂಟರ್ 11 ಇಂಚಿಗೆ ನಿಲ್ಲುತ್ತದೆ, ಹಾಗಾಗಿ ಬಿಲ್ಲಿಗೊಂದು ಇಂಚು ತಪ್ಪುತ್ತಾ ಹೋಗುತ್ತದೆ.

ಪ್ರಿಂಟರ್ ಆಫ್ ಮಾಡಿ, ಹರಿಯುವ ಗೆರೆಯನ್ನು ಬಿಲ್ಲು ಶುರುವಾಗಬೇಕಾದ ಜಾಗಕ್ಕೆ ತಂದು, ಆಮೇಲೆ ಆನ್ ಮಾಡಿ. ನಂತರ ಪ್ರೋಗ್ರಾಮಿನಿಂದ 27 67 0 12 ಕಳಿಸಿ. ಆದೇಶ ಮುಟ್ಟಿದ ಜಾಗವನ್ನೇ ಪ್ರಿಂಟರ್ ಹಾಳೆಯ ತಲೆ ಎಂದು ಹಿಡಿಯುವುದರಿಂದ ಈ ಕ್ರಮ ಬದಲಾಗಬಾರದು. 27 67 72 ಎಂದು ಸಾಲಿನ ಲೆಕ್ಕದಲ್ಲೂ ಹೇಳಬಹುದು. ಆದರೆ ಅದಕ್ಕೆ ಮುಂಚೆ ಯಾರಾದರೂ 27 48 ಕಳಿಸಿ ಸಾಲಿನ ಅಂತರವನ್ನು 1/8 ಇಂಚು ಮಾಡಿದ್ದರೆ 72 ಸಾಲು ಎಂದರೆ 9 ಇಂಚಷ್ಟೇ ಆಗುತ್ತದೆ. ಐದೂವರೆ ಇಂಚಿನಂಥ ಬಿಲ್ಲಿಗೆ ಮಾತ್ರ ಸಾಲಿನ ಲೆಕ್ಕ ಅನಿವಾರ್ಯ: ಮೊದಲು 27 50, ಆಮೇಲೆ 27 67 33.

ಇನ್ನೊಂದು ತಪ್ಪು ಹಳೆಯ ಫಾಕ್ಸ್‌ಪ್ರೊ ಪ್ರೋಗ್ರಾಮುಗಳಲ್ಲಿ ಬಹಳ. ಪ್ರತಿ ಬಿಲ್ಲಿನ ಮೊದಲಿಗೆ 27 64 ಎಂಬ ರೀಸೆಟ್ ಆದೇಶ ಇರುತ್ತದೆ. ಅದು ಹಾಳೆಯ ಉದ್ದವನ್ನೂ ಹಳೆಯ ಸ್ಥಿತಿಗೆ ತಂದುಬಿಡುತ್ತದೆ. ರೀಸೆಟ್ ಬೇಕೇ ಬೇಕು ಎನ್ನುವುದಾದರೆ ಅದರ ಬೆನ್ನಿಗೇ ಉದ್ದದ ಆದೇಶವನ್ನೂ ಕಳಿಸಿ.

ತಪ್ಪುವುದು ಪ್ರತಿ ಸಲವೂ ಸರಿಯಾಗಿ ಒಂದಿಂಚು ಅಲ್ಲದೆ, ಒಮ್ಮೆ ಒಂದು ಸಾಲು, ಒಮ್ಮೆ ಎರಡು ಎಂದಿದ್ದರೆ ಕಾರಣ ಬೇರೆ. ಯಾವುದೋ ಸಾಲು 80 ಅಕ್ಷರ ದಾಟಿ ಕೆಳಗಿನ ಸಾಲಿಗೆ ಇಳಿಯುತ್ತಿದೆ. ಆ ಸಾಲಿಗೆ ಮುಂಚೆ 15 ಕಳಿಸಿದರೆ ಅಕ್ಷರ ಕಿರಿದಾಗಿ 137 ಹಿಡಿಯುತ್ತದೆ. ಮುಗಿದ ಮೇಲೆ 18 ಕಳಿಸಿ ರದ್ದುಮಾಡಲು ಮರೆಯಬೇಡಿ.

ಪ್ರಶ್ನೆ: ಪ್ರಿಂಟರ್ ಹಳೆಯದು, ರೂಪಾಯಿ ಚಿಹ್ನೆ ಬರುವುದಿಲ್ಲ. ಅದರ ಜಾಗದಲ್ಲಿ ಏನೇನೋ ಅಕ್ಷರ ಬರುತ್ತದೆ. — ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರಲ್ಲಿ. ಅದಕ್ಕೂ ಮೊದಲಿನ ಪ್ರಿಂಟರಿನಲ್ಲಿ ಅಕ್ಷರಗಳ ಆಕಾರ ಮೊದಲೇ ಕೂತಿರುವ ರೋಮ್ (ROM) ಚಿಪ್ಪಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಹಾಗೆಂದು ಬಿಡಬೇಕಿಲ್ಲ, ಚುಕ್ಕಿಗಳಿಂದ ನೀವೇ ಬರೆಯಬಹುದು. ಪ್ರಿಂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

27 75 ಎಂಬ ಆದೇಶ ಇಂಚಿಗೆ 60 ಕಂಬದಂತೆ (ಕಂಬ ಎಂದರೆ ಮೇಲಿಂದ ಕೆಳಕ್ಕೆ ಚುಕ್ಕಿಗಳ ಒಂದು ಸಾಲು) ಚಿತ್ರ ಬರೆಯುತ್ತದೆ. ಪ್ರತಿ ಕಂಬಕ್ಕೆ ಒಂದು ಬೈಟ್. ಮೇಲಿನ ಪಿನ್ನಿಗೆ 128, ಅದರ ಕೆಳಗಿನವಕ್ಕೆ ಕ್ರಮವಾಗಿ 64, 32, 16, 8, 4, 2, 1. ಯಾವ ಯಾವ ಪಿನ್ ಬಡಿಯಬೇಕೋ ಅವನ್ನು ಕೂಡಿಸಿದರೆ ಆ ಕಂಬದ ಬೈಟ್ ಸಿಕ್ಕಿತು. ಇಂಚಿಗೆ 10 ಅಕ್ಷರದ ಅಳತೆಯಲ್ಲಿ ಒಂದು ಅಕ್ಷರಕ್ಕೆ ಸರಿಯಾಗಿ 6 ಕಂಬ. ಚೌಕುಳಿ ಕಾಗದದಲ್ಲಿ 5 ಕಂಬ ಅಗಲ, 7 ಚುಕ್ಕಿ ಎತ್ತರ ಗುರುತು ಮಾಡಿಕೊಳ್ಳಿ. 1 ಮತ್ತು 3ನೇ ಅಡ್ಡಸಾಲು ಪೂರ್ತಿ ತುಂಬಿ. 2 ಮತ್ತು 4ನೇ ಸಾಲಿನಲ್ಲಿ ನಾಲ್ಕನೇ ಚುಕ್ಕಿ ಮಾತ್ರ. 5ನೇ ಸಾಲಿನಲ್ಲಿ ಮೊದಲ ಮೂರು, 6ರಲ್ಲಿ ಮೂರನೆಯದು, 7ರಲ್ಲಿ ನಾಲ್ಕನೆಯದು. ಈಗ ಕಂಬ ಕಂಬವಾಗಿ ಮೇಲಿಂದ ಕೆಳಕ್ಕೆ ಕೂಡಿಸಿ. ನಾಲ್ಕನೇ ಕಂಬ 128+64+32+16+2, ಅಂದರೆ 242. ಕೊನೆಯ ಕಂಬ ಅಕ್ಷರಗಳ ನಡುವಿನ ತೆರಪಿಗಾಗಿ ಖಾಲಿ. ಕಳಿಸಬೇಕಾದ್ದು ಇಷ್ಟು (6 0 ಎಂದರೆ ಆರು ಕಂಬ):

27 75 6 0 168 168 172 242 160 0

ಇದು ಒಂದು ಅಕ್ಷರದ ಜಾಗವನ್ನಷ್ಟೇ ತಿನ್ನುವುದರಿಂದ ಪಕ್ಕದ ಮೊತ್ತದ ಕಾಲಂ ಅಲುಗುವುದಿಲ್ಲ. ಇಂಚಿಗೆ 12 ಅಕ್ಷರವಿದ್ದರೆ 6ರ ಬದಲು 5 ಎಂದು ಹಾಕಿ ಕೊನೆಯ ಸೊನ್ನೆಯನ್ನು ಬಿಡಿ. ತೆರಪು ಬೇಕಾದರೆ ಚಿಹ್ನೆಯ ಮುಂದೆ ಒಂದು ಸ್ಪೇಸ್ ಹಾಕಿಕೊಳ್ಳಿ. ಕಿರಿದಾದ ಅಕ್ಷರದ ನಡುವೆ ಬೇಕಾದರೆ ಇಂಚಿಗೆ 120 ಕಂಬದ 27 76 ಆದೇಶ ಬಳಸಿ, 7 ಕಂಬದಲ್ಲಿ ಚಿಹ್ನೆಯನ್ನು ಹೊಸದಾಗಿ ಬರೆಯಬೇಕು.

ಪ್ರಶ್ನೆ: ದೇವಸ್ಥಾನದ ಸೇವಾ ರಸೀದಿಯನ್ನು ಕನ್ನಡದಲ್ಲಿ ಮುದ್ರಿಸಲು ಅಕ್ಷರಗಳನ್ನು ಚಿತ್ರ ಮಾಡಿ ಪ್ರೋಗ್ರಾಮಿನಿಂದ ಕಳಿಸುತ್ತೇವೆ. ಒಂದೇ ಅಕ್ಷರದ ನಡುವೆ ಬಿಳಿ ಪಟ್ಟಿ ಬರುತ್ತದೆ, ಅಕ್ಷರ ಅಡ್ಡಕ್ಕೆ ಹಿಗ್ಗುತ್ತದೆ, ಕೆಲವು ಹೆಸರುಗಳಲ್ಲಿ ಅರ್ಧಕ್ಕೇ ಕಲಸಿಹೋಗುತ್ತದೆ. — ಉಡುಪಿ ಜಿಲ್ಲೆಯ ಓದುಗರು

ಉತ್ತರ: ಮೂರೂ ಬೇರೆ ಬೇರೆ ತಪ್ಪುಗಳು. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ 8 ಚುಕ್ಕಿಯ ಎತ್ತರದಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಪಿನ್ನುಗಳಿರುವ ಹೆಡ್ ಒಂದೇ ಅಕ್ಷರಸಾಲಿಗೆ ಎರಡು ಮೂರು ಸಲ ಓಡಬೇಕು. ಪಿನ್ನುಗಳ ನಡುವೆ 1/72 ಇಂಚು, 8 ಪಿನ್ನಿಗೆ 8/72 ಇಂಚು. ಪೇಪರ್ ಅಷ್ಟೇ ಸರಿಯಬೇಕು. ನೀವು ಮಾಮೂಲಿನ 1/6 ಇಂಚು ಸರಿಸುತ್ತಿರುವುದರಿಂದ ಪಟ್ಟಿ ಬಿಳಿಯಾಗಿ ಉಳಿಯುತ್ತಿದೆ. ಚಿತ್ರ ಶುರುವಾಗುವ ಮುನ್ನ 27 51 24 ಕಳಿಸಿ. 9 ಪಿನ್ ಪ್ರಿಂಟರಿನಲ್ಲಿ ಇದು 24/216 ಇಂಚು, ಸರಿಯಾಗಿ 8/72. ರಸೀದಿ ಮುಗಿದಾಗ 27 50 ಕಳಿಸಿ ಹಳೆಯ ಅಂತರಕ್ಕೆ ಮರಳಿ.

ಅಕ್ಷರ ಹಿಗ್ಗುವುದು ನೀವು 27 75 ಬಳಸಿದ್ದರಿಂದ ಇರಬೇಕು. ಅಡ್ಡಕ್ಕೆ ಇಂಚಿಗೆ 60, ಉದ್ದಕ್ಕೆ 72 ಚುಕ್ಕಿ ಎಂದಾಗ ಗುಂಡನೆಯ ಕನ್ನಡ ಅಕ್ಷರ ಮೊಟ್ಟೆಯಾಗುತ್ತದೆ. ಬದಲಿಗೆ 27 42 5 ಬಳಸಿ, ಅದು ಎರಡೂ ಕಡೆ 72. ಇದಾದ ಮೇಲೆ ಕಂಬಗಳ ಸಂಖ್ಯೆಯನ್ನು ಎರಡು ಬೈಟಿನಲ್ಲಿ ಹೇಳಬೇಕು: 256ರಿಂದ ಭಾಗಿಸಿ ಉಳಿದ ಶೇಷ ಮೊದಲು, ಭಾಗಲಬ್ಧ ಆಮೇಲೆ. 8 ಇಂಚಿನ ಪೂರ್ತಿ ಸಾಲಿಗೆ 576 ಕಂಬ, ಆದ್ದರಿಂದ 27 42 5 64 2. ಹೇಳಿದ್ದಕ್ಕಿಂತ ಕಡಿಮೆ ಬೈಟ್ ಕಳಿಸಿದರೆ ಮುಂದಿನ ಅಕ್ಷರಗಳನ್ನೂ ಪ್ರಿಂಟರ್ ಚಿತ್ರವೆಂದೇ ನುಂಗುತ್ತದೆ. ಹೆಚ್ಚು ಕಳಿಸಿದರೆ ಮಿಕ್ಕದ್ದು ಅರ್ಥವಿಲ್ಲದ ಅಕ್ಷರವಾಗಿ ಬೀಳುತ್ತದೆ.

ಕೆಲವು ಹೆಸರು ಮಾತ್ರ ಕೆಡುತ್ತಿದೆ ಎಂಬ ನಿಮ್ಮ ಮಾತು ಮುಖ್ಯವಾದ ಸುಳಿವು. ವಿಂಡೋಸಿನಲ್ಲಿ ಫೈಲನ್ನು ಟೆಕ್ಸ್ಟ್ ರೀತಿಯಲ್ಲಿ ತೆರೆದು ಬರೆದರೆ, ಚಿತ್ರದೊಳಗೆ 10 ಎಂಬ ಬೈಟ್ ಬಂದಾಗಲೆಲ್ಲ ಅದರ ಹಿಂದೆ 13 ಸೇರಿಕೊಳ್ಳುತ್ತದೆ. ಒಂದು ಬೈಟ್ ಹೆಚ್ಚಾಯಿತು, ಅಲ್ಲಿಂದ ಮುಂದೆ ಎಲ್ಲ ಒಂದು ಕಂಬ ಪಕ್ಕಕ್ಕೆ. ಯಾವ ಹೆಸರಿನ ಚಿತ್ರದಲ್ಲಿ 10 ಇಲ್ಲವೋ ಅದು ಸರಿಯಾಗಿ ಬರುತ್ತದೆ. ಫೈಲನ್ನು ಬೈನರಿ ಎಂದೇ ತೆರೆಯಿರಿ. ಕಾಪಿ ಆದೇಶದಿಂದ ಪ್ರಿಂಟರಿಗೆ ಕಳಿಸುವುದಾದರೆ ಸ್ಲ್ಯಾಶ್ ಬಿ (/b) ಸೇರಿಸಿ, ಇಲ್ಲವಾದರೆ 26 ಎಂಬ ಬೈಟನ್ನು ಫೈಲಿನ ಕೊನೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸುತ್ತದೆ. ಮೇಲಿನ ಓಟದ ಕಂಬ ಕೆಳಗಿನ ಓಟದ ಕಂಬಕ್ಕೆ ನೆಟ್ಟಗೆ ಕೂಡದಿದ್ದರೆ 27 85 1 ಕಳಿಸಿ. ಆಗ ಹೆಡ್ ಒಂದೇ ದಿಕ್ಕಿನಲ್ಲಿ ಹೊಡೆಯುತ್ತದೆ, ಸ್ವಲ್ಪ ನಿಧಾನ.

ನಮ್ಮ ಸಲಹೆ ಕೇಳುವುದಾದರೆ, ದೇವಸ್ಥಾನದ ಹೆಸರು, ಸೇವೆ, ನಕ್ಷತ್ರ, ಗೋತ್ರದಂಥ ಶೀರ್ಷಿಕೆಗಳನ್ನು ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿ. ಭಕ್ತರ ಹೆಸರನ್ನಷ್ಟೇ ಚಿತ್ರವಾಗಿ, ತಾರೀಕು ಮತ್ತು ಮೊತ್ತವನ್ನು ಅಂಕಿಗಳಾಗಿ ಕಳಿಸಿ. ಹಬ್ಬದ ದಿನ ಕೌಂಟರಿನ ಸಾಲು ಬೇಗ ಕರಗುತ್ತದೆ.

ಪ್ರಶ್ನೆ: ಪ್ರತಿ ಅಕ್ಷರದ ನಡುವೆಯೂ ತೆಳುವಾದ ಬಿಳಿ ಅಡ್ಡಗೆರೆ. ಹೆಡ್ ಹೋಯಿತೇ? — ಮಂಡ್ಯ ಜಿಲ್ಲೆಯ ಹಾಲಿನ ಸಂಘದ ಕಾರ್ಯದರ್ಶಿ

ಉತ್ತರ: ಒಂದು ಪಿನ್ ಬಡಿಯುತ್ತಿಲ್ಲ. ಅದು ಮುರಿದಿದೆಯೋ, ಅಂಟಿಕೊಂಡಿದೆಯೋ ತಿಳಿಯಬೇಕು. 27 75 80 0 ಕಳಿಸಿ, ಅದರ ಬೆನ್ನಿಗೆ 128, 64, 32, 16, 8, 4, 2, 1 ಇವನ್ನು ತಲಾ 10 ಸಲ ಕಳಿಸಿ. ಕಾಗದದ ಮೇಲೆ ಎಂಟು ಮೆಟ್ಟಿಲು ಇಳಿಯಬೇಕು. ಯಾವ ಮೆಟ್ಟಿಲು ಕಾಣುವುದಿಲ್ಲವೋ ಆ ಪಿನ್ನಿನದೇ ತೊಂದರೆ. ಒಂಬತ್ತನೆಯ ಪಿನ್ನನ್ನು ಅಡಿಗೆರೆಯಿಂದ ಪರೀಕ್ಷಿಸಿ: 27 45 1.

ಮೆಟ್ಟಿಲು ಒಮ್ಮೆ ಬಂದು ಒಮ್ಮೆ ಮಾಯವಾದರೆ ಮಸಿ ಮತ್ತು ಕಾಗದದ ಧೂಳು ಸೇರಿ ಪಿನ್ ಅಂಟಿದೆ. ಪ್ರಿಂಟರ್ ಆಫ್ ಮಾಡಿ, ಕೈ ಸುಡದಷ್ಟು ಹೆಡ್ ತಣ್ಣಗಾಗಲು ಬಿಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಮೂತಿಯನ್ನು ಒರೆಸಿ, ಪೂರ್ತಿ ಆರಿದ ಮೇಲೆ ಚಾಲೂ ಮಾಡಿ. ಎಷ್ಟು ಒರೆಸಿದರೂ ಮೆಟ್ಟಿಲು ಬಾರದಿದ್ದರೆ ರಿಪೇರಿಯವರಿಗೆ ಕೊಡಿ. ಒಂದು ಪಿನ್ ಮುರಿದ ಹೆಡ್ಡನ್ನು ಹಾಗೇ ಓಡಿಸಬೇಡಿ, ಮುರಿದ ತುದಿ ರಿಬ್ಬನ್ನಿನ ಬಟ್ಟೆಗೆ ಸಿಕ್ಕಿಕೊಂಡು ಪಕ್ಕದ ಪಿನ್ನನ್ನೂ ಬಗ್ಗಿಸುತ್ತದೆ.

ಒಣಗಿದ ರಿಬ್ಬನ್ನಿಗೆ ಸ್ಟ್ಯಾಂಪ್ ಪ್ಯಾಡಿನ ಮಸಿ ಹಾಕುವ ರೂಢಿ ಹಲವೆಡೆ ಇದೆ, ದಯವಿಟ್ಟು ಬಿಡಿ. ರಿಬ್ಬನ್ ಮಸಿಯಲ್ಲಿರುವ ಎಣ್ಣೆಯೇ ಪಿನ್ನಿಗೆ ಜಾರುವ ಗುಣ ಕೊಡುವುದು. ಪ್ಯಾಡಿನ ಮಸಿಯಲ್ಲಿ ಅದಿಲ್ಲ.

ಪ್ರಶ್ನೆ: ಜಿಎಸ್‌ಟಿ ಬಿಲ್ಲಿನ ಮೂರನೇ ಪ್ರತಿ ಓದಲಾಗುವುದಿಲ್ಲ. — ದಾವಣಗೆರೆಯ ಓದುಗರು

ಉತ್ತರ: ಹೆಡ್ಡಿನ ಪಕ್ಕದಲ್ಲಿ ಕಾಗದದ ದಪ್ಪಕ್ಕೆ ತಕ್ಕಂತೆ ಹೊಂದಿಸುವ ಲಿವರ್ ನೋಡಿ. ಒಂಟಿ ಹಾಳೆಗೆ ಸೊನ್ನೆ, ಪ್ರತಿಗಳು ಹೆಚ್ಚಿದಂತೆ ಒಂದೊಂದೇ ಮೆಟ್ಟಿಲು ಮುಂದೆ. ಲಿವರನ್ನು ಜಾಸ್ತಿ ಮುಂದೆ ಇಟ್ಟರೆ ಕೊನೆಯ ಪ್ರತಿ ಮಂಕಾಗುತ್ತದೆ, ಕಡಿಮೆ ಇಟ್ಟರೆ ಮೇಲಿನ ಹಾಳೆಗೆ ಮಸಿ ಬಳಿದು ಪೇಪರ್ ಸಿಕ್ಕಿಕೊಳ್ಳುತ್ತದೆ. ಲಿವರ್ ಸರಿಯಿದ್ದೂ ಮಂಕಾಗಿದ್ದರೆ ಆ ಬಿಲ್ಲಿಗೆ 27 71 ಕಳಿಸಿ, ಪ್ರತಿ ಸಾಲನ್ನೂ ಎರಡು ಸಲ ಹೊಡೆಯುತ್ತದೆ. ರದ್ದಿಗೆ 27 72. ಟ್ಯಾಲಿಯಲ್ಲಿ ಬಿಲ್ಲು ತೆಗೆಯುವವರಾದರೆ ನೀಟ್ ಮೋಡ್ ಬಿಟ್ಟು ಡಾಟ್ ಮ್ಯಾಟ್ರಿಕ್ಸ್ ಫಾರ್ಮ್ಯಾಟ್ ಆರಿಸಿ.